ತಂತಿ ಕಡಿದರೆ ಮಾತು ಮುಗಿದಂತೆಯೇ?

ಕಚೇರಿಯ ಮೇಜಿನ ಮೇಲಿರುವ ಫೋನ್ ಈಗ ಬಹುತೇಕ ಕಡೆ ತಾಮ್ರದ ಜೋಡಿತಂತಿಯ ತುದಿಯಲ್ಲಿಲ್ಲ; ಪಕ್ಕದಲ್ಲಿರುವ ಕಂಪ್ಯೂಟರಿನಂತೆ ಅದೂ ನೆಟ್‌ವರ್ಕಿಗೆ ಸೇರಿದ ಒಂದು ಯಂತ್ರ. ಆ ಫೋನಿನ ಜೊತೆ ಕೆಲಸ ಮಾಡುವ ತಂತ್ರಾಂಶಗಳನ್ನು ಬರೆಯುವವರಿಂದ ಮತ್ತು ಬಳಸುವವರಿಂದ ಬಂದ ಪತ್ರಗಳಲ್ಲಿ ನೆಟ್‌ವರ್ಕ್ ಈವೆಂಟುಗಳ (ನೆಟ್‌ವರ್ಕಿನಲ್ಲಿ ಏನಾಯಿತೆಂದು ತಂತ್ರಾಂಶಕ್ಕೆ ಬರುವ ಸೂಚನೆಗಳ) ಕುರಿತಾದ ಆರು ಪ್ರಶ್ನೆಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಮ್ಮದು ಜೆಟಾಪಿ (ಫೋನ್ ಕರೆಗಳನ್ನು ಗಮನಿಸಲು, ನಿಯಂತ್ರಿಸಲು ಇರುವ ಜಾವಾ ಸೌಲಭ್ಯ) ಬಳಸಿ ಬರೆದ ಅಪ್ಲಿಕೇಶನ್. ಸ್ವಾಗತಕಾರರ ಡೆಸ್ಕ್ ಫೋನಿಗೆ ಕರೆ ಬಂದ ಕೂಡಲೇ ಕರೆದವರ ವಿವರ ಪರದೆಯ ಮೇಲೆ ಮೂಡುತ್ತದೆ. ನೆಟ್‌ವರ್ಕ್ ಅರ್ಧ ನಿಮಿಷ ಹೋಗಿ ಬಂದರೆ ನಡೆಯುತ್ತಿರುವ ಕರೆಗಳೆಲ್ಲ ಮುಗಿದವೆಂದು ದಾಖಲಾಗುತ್ತವೆ. ಮರುಸಂಪರ್ಕವಾದಾಗ ಅವೇ ಕರೆಗಳು ಹೊಸದಾಗಿ ಬಂದಂತೆ ಮತ್ತೆ ಮೂಡುತ್ತವೆ. ಆದರೆ ಅಷ್ಟು ಹೊತ್ತೂ ಸ್ವಾಗತಕಾರರು ಮಾತನಾಡುತ್ತಲೇ ಇರುತ್ತಾರೆ. ತಪ್ಪೆಲ್ಲಿದೆ?
— ಓದುಗರು, ಹುಬ್ಬಳ್ಳಿ

ಉತ್ತರ: ಒಂದು ಕರೆಯ ಹಿಂದೆ ಮೂರು ಬೇರೆ ಬೇರೆ ಹಾದಿಗಳಿವೆ ಎಂಬುದನ್ನು ನಿಮ್ಮ ಕೋಡ್ ಗಮನಿಸಿಲ್ಲ. ಮೊದಲನೆಯದು ಧ್ವನಿಯ ಹಾದಿ: ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೊಂದರಂತೆ, ಅಂದರೆ ಸೆಕೆಂಡಿಗೆ 50 ಆರ್‌ಟಿಪಿ ಪ್ಯಾಕೆಟುಗಳು (ಧ್ವನಿಯ ತುಣುಕುಗಳನ್ನು ಹೊತ್ತ ಪುಟ್ಟ ಸಂದೇಶಗಳು), ಫೋನಿನಿಂದ ಇನ್ನೊಂದು ಫೋನಿಗೋ ಗೇಟ್‌ವೇಗೋ ಹೋಗುತ್ತಿರುತ್ತವೆ. ಎರಡನೆಯದು ಸಂಕೇತದ ಹಾದಿ, ಅಂದರೆ ಫೋನು ಮತ್ತು ಎಕ್ಸ್‌ಚೇಂಜಿನ (ಕಚೇರಿಯ ಕರೆಗಳನ್ನೆಲ್ಲ ನಡೆಸುವ ಯಂತ್ರದ) ನಡುವೆ ಕರೆ ಹೂಡುವ ಹಾಗೂ ಕಡಿಯುವ ಸಂದೇಶಗಳು ಓಡಾಡುವ ಹಾದಿ. ನಿಮ್ಮ ಅಪ್ಲಿಕೇಶನ್ ಈ ಎರಡರಲ್ಲೂ ಇಲ್ಲ. ಅದು ಮೂರನೆಯ ಹಾದಿಯಲ್ಲಿ ನಿಂತು, ಎಕ್ಸ್‌ಚೇಂಜ್ ಹೇಳಿದ ಸುದ್ದಿಯನ್ನು ಕೇಳಿಸಿಕೊಳ್ಳುತ್ತಿರುತ್ತದೆ. ಕಡಿದದ್ದು ಈ ಮೂರನೆಯ ಹಾದಿ ಮಾತ್ರ. ಸುದ್ದಿ ತರುವವನು ಬರಲಿಲ್ಲವೆಂದ ಮಾತ್ರಕ್ಕೆ ಊರಿನಲ್ಲಿ ನಡೆಯುತ್ತಿದ್ದದ್ದು ನಿಂತುಹೋಯಿತೆಂದು ಬರೆದುಕೊಳ್ಳಬಾರದು. ನಿಮ್ಮ ತಂತ್ರಾಂಶ ಮಾಡಿದ್ದು ಅದನ್ನೇ.

ಜೆಟಾಪಿಯಲ್ಲಿ ಪ್ರೊವೈಡರ್‌ಗೆ, ಅಂದರೆ ಅಪ್ಲಿಕೇಶನನ್ನು ಎಕ್ಸ್‌ಚೇಂಜಿಗೆ ಬೆಸೆಯುವ ಭಾಗಕ್ಕೆ, ಮೂರು ಸ್ಥಿತಿಗಳಿವೆ: ಇನ್ ಸರ್ವೀಸ್, ಔಟ್ ಆಫ್ ಸರ್ವೀಸ್ ಮತ್ತು ಶಟ್‌ಡೌನ್. ಔಟ್ ಆಫ್ ಸರ್ವೀಸ್ ಎಂಬ ಈವೆಂಟಿನ ಅರ್ಥ ‘ಸದ್ಯಕ್ಕೆ ನನಗೆ ಏನೂ ಕಾಣುತ್ತಿಲ್ಲ’ ಎಂಬುದಷ್ಟೇ, ‘ಕರೆ ಮುಗಿಯಿತು’ ಎಂದಲ್ಲ. ಅದು ಬಂದಾಗ ನೀವು ಮಾಡಬೇಕಾದದ್ದು ಬಹಳ ಕಡಿಮೆ: ಪರದೆಯ ಮೇಲಿರುವ ಕರೆಗಳನ್ನು ‘ಸ್ಥಿತಿ ಗೊತ್ತಿಲ್ಲ’ ಎಂದು ಗುರುತಿಸಿ, ಕರೆ ನಿಯಂತ್ರಿಸುವ ಗುಂಡಿಗಳನ್ನು ಮಂಕಾಗಿಸಿ, ಮುಕ್ತಾಯದ ಸಮಯವನ್ನು ಎಲ್ಲೂ ಬರೆಯದೆ ಕಾಯಬೇಕು. ಶಟ್‌ಡೌನ್ ಇದಕ್ಕಿಂತ ಬೇರೆ. ಆ ಸ್ಥಿತಿಗೆ ಹೋದ ಪ್ರೊವೈಡರ್ ಮರಳಿ ಬರುವುದಿಲ್ಲ. ಹೊಸದೊಂದನ್ನು ಪಡೆದು, ಫೋನುಗಳ ಮೇಲಿನ ನಿಗಾವನ್ನು ಮೊದಲಿನಿಂದ ಹೂಡಬೇಕಾಗುತ್ತದೆ. ಈ ಎರಡಕ್ಕೂ ಒಂದೇ ಕೋಡ್ ಬರೆದವರ ಅಪ್ಲಿಕೇಶನ್ ಒಂದೋ ಅನಗತ್ಯವಾಗಿ ಎಲ್ಲವನ್ನೂ ಕಿತ್ತು ಕಟ್ಟುತ್ತದೆ, ಇಲ್ಲವೇ ಸತ್ತ ಪ್ರೊವೈಡರ್ ಎದುರು ಕಾಯುತ್ತಾ ಕೂರುತ್ತದೆ.

ಮುಖ್ಯ ಕೆಲಸವಿರುವುದು ಸಂಪರ್ಕ ಮರಳಿದ ಮೇಲೆ. ಹಳೆಯ ನೆನಪನ್ನು ನಂಬದೆ, ಪ್ರತಿಯೊಂದು ಫೋನಿನಲ್ಲಿ ಈ ಕ್ಷಣ ಯಾವ ಕರೆಗಳಿವೆ ಎಂದು ಎಕ್ಸ್‌ಚೇಂಜನ್ನೇ ಕೇಳಿ, ಬಂದ ಉತ್ತರವನ್ನು ನಿಮ್ಮಲ್ಲಿರುವ ಪಟ್ಟಿಯೊಂದಿಗೆ ತಾಳೆ ನೋಡಬೇಕು. ಎರಡರಲ್ಲೂ ಇರುವ ಕರೆ ಮುಂದುವರಿದಿದೆ. ಎಕ್ಸ್‌ಚೇಂಜಿನಲ್ಲಿ ಮಾತ್ರ ಇರುವುದು ಕತ್ತಲೆಯ ಹೊತ್ತಿನಲ್ಲಿ ಬಂದದ್ದು. ನಿಮ್ಮಲ್ಲಿ ಮಾತ್ರ ಇರುವುದು ಅದೇ ಅವಧಿಯಲ್ಲಿ ಮುಗಿದದ್ದು. ಅದರ ನಿಖರ ಸಮಯ ನಿಮಗೆ ತಿಳಿಯದು, ಆದ್ದರಿಂದ ಊಹೆಯ ಸಮಯವನ್ನು ಬರೆಯದೆ ಎಕ್ಸ್‌ಚೇಂಜಿನ ಕರೆ ದಾಖಲೆಯಿಂದ ಆಮೇಲೆ ತುಂಬಿಕೊಳ್ಳಿ. ಈ ತಾಳೆಯನ್ನು ಜಾವಾ ಆಬ್ಜೆಕ್ಟುಗಳನ್ನು ಹೋಲಿಸಿ ಮಾಡಬೇಡಿ. ಹೊಸ ಪ್ರೊವೈಡರ್ ಪಡೆದಿದ್ದರೆ ಆಬ್ಜೆಕ್ಟುಗಳೆಲ್ಲವೂ ಹೊಸವಾಗಿರುತ್ತವೆ. ಎಕ್ಸ್‌ಚೇಂಜ್ ಕೊಡುವ ಕರೆಯ ಗುರುತುಸಂಖ್ಯೆ ಹಾಗೂ ಫೋನಿನ ಸಂಖ್ಯೆಯನ್ನು ಆಧಾರವಾಗಿಟ್ಟುಕೊಳ್ಳಿ.

ಅದೇ ಕರೆಗಳು ಮತ್ತೆ ಹೊಸದಾಗಿ ಮೂಡಲು ಕಾರಣವೂ ಇಲ್ಲಿಯೇ ಇರುವಂತಿದೆ. ಈಗಾಗಲೇ ನಡೆಯುತ್ತಿರುವ ಕರೆಯೊಂದರ ಮೇಲೆ ಅಬ್ಸರ್ವರ್ (ಈವೆಂಟುಗಳನ್ನು ಕೇಳಿಸಿಕೊಳ್ಳುವ ಕೋಡ್) ಹೂಡಿದಾಗ, ಆ ಕರೆಯ ಸದ್ಯದ ಸ್ಥಿತಿಯನ್ನು ತಿಳಿಸುವ ಈವೆಂಟುಗಳು ಒಮ್ಮೆಲೇ ಬರುತ್ತವೆ, ಅವುಗಳ ಕಾರಣದ ಜಾಗದಲ್ಲಿ ‘ಸ್ನ್ಯಾಪ್‌ಶಾಟ್’ ಎಂಬ ಸಂಕೇತವಿರುತ್ತದೆ. ಈಗ ನಡೆದದ್ದನ್ನೂ ಮೊದಲೇ ನಡೆದದ್ದನ್ನೂ ಬೇರ್ಪಡಿಸಲಿಕ್ಕೆಂದೇ ಆ ಸಂಕೇತವನ್ನು ಇಟ್ಟಿದ್ದಾರೆ. ಅದನ್ನು ನೋಡದೆ ಪ್ರತಿ ಈವೆಂಟಿಗೂ ಕಿಟಕಿ ತೆರೆಯುವುದು ಬಹಳ ಕಡೆ ಕಂಡುಬರುವ ತಪ್ಪು.

ಇನ್ನೊಂದು ಎಚ್ಚರಿಕೆ. ಮೂರನೆಯ ಹಾದಿ ಸಾಮಾನ್ಯವಾಗಿ ಟಿಸಿಪಿ ಸಂಪರ್ಕ, ಅಂದರೆ ಎರಡು ಯಂತ್ರಗಳು ಮೊದಲೇ ಹೂಡಿ ಉಳಿಸಿಕೊಳ್ಳುವ ಸಂಪರ್ಕ. ನಡುವಿನ ಸ್ವಿಚ್ಚೊಂದರಲ್ಲಿ ಕೇಬಲ್ ಕಳಚಿದರೆ ಎರಡೂ ತುದಿಗಳಿಗೆ ತಾನಾಗಿಯೇ ಏನೂ ತಿಳಿಯುವುದಿಲ್ಲ. ಟಿಸಿಪಿಯ ಸ್ವಂತ ಕೀಪ್‌ಅಲೈವ್ (ಸಂಪರ್ಕ ಇನ್ನೂ ಇದೆಯೇ ಎಂದು ನೋಡುವ ಸಂದೇಶ) ಲಿನಕ್ಸಿನಲ್ಲಿ ಪೂರ್ವನಿಗದಿಯಂತೆ 7200 ಸೆಕೆಂಡು, ಅಂದರೆ ಎರಡು ಗಂಟೆ ಮೌನವಾಗಿದ್ದ ಮೇಲಷ್ಟೇ ಶುರುವಾಗುತ್ತದೆ. ಆದ್ದರಿಂದ ಎಕ್ಸ್‌ಚೇಂಜಿನ ಜೊತೆಗಿನ ಹಾರ್ಟ್‌ಬೀಟ್ ಸಂದೇಶ ಇದೆಯೇ, ಎಷ್ಟು ಸೆಕೆಂಡಿಗೊಮ್ಮೆ ಇದೆ ಎಂಬುದನ್ನು ಮೊದಲು ನೋಡಿಕೊಳ್ಳಿ. ಈವೆಂಟು ಬಂದೇ ಇಲ್ಲವಾದರೆ ಅದನ್ನು ನಿರ್ವಹಿಸುವ ಕೋಡ್ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ.

ಪ್ರಶ್ನೆ: ಹೊರಗಿನ ಸಂಖ್ಯೆಗೆ ಕರೆ ಮಾಡಿದಾಗ ‘ನೆಟ್‌ವರ್ಕ್ ರೀಚ್ಡ್’ ಎಂಬ ಸ್ಥಿತಿ ಬರುತ್ತದೆ. ನಾವು ಅಲ್ಲಿಂದಲೇ ಮಾತಿನ ಅವಧಿ ಎಣಿಸುತ್ತೇವೆ. ಎತ್ತದೇ ಹೋದ ಕರೆಗಳೂ 40 ಸೆಕೆಂಡು ಮಾತನಾಡಿದಂತೆ ವರದಿಯಲ್ಲಿ ಬರುತ್ತಿವೆ. ಏನು ಮಾಡಬೇಕು?
— ಓದುಗರು, ಮೈಸೂರು

ಉತ್ತರ: ಆ ಸ್ಥಿತಿಯ ಹೆಸರು ಅನೇಕರನ್ನು ದಾರಿ ತಪ್ಪಿಸಿದೆ. ಕರೆ ನಿಮ್ಮ ಎಕ್ಸ್‌ಚೇಂಜಿನ ಗಡಿ ದಾಟಿ ಹೊರಗಿನ ಜಾಲವನ್ನು ಹೊಕ್ಕಿತು ಎಂಬುದಷ್ಟೇ ಅದರ ಅರ್ಥ. ಆಚೆಯ ತುದಿಯಲ್ಲಿ ಗಂಟೆ ಬಾರಿಸುತ್ತಿದೆಯೋ, ಯಾರಾದರೂ ಎತ್ತಿದರೋ, ಸಂಖ್ಯೆ ಬಳಕೆಯಲ್ಲಿದೆಯೋ ಎಂಬುದರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಇದಾದ ಮೇಲೆ ಆ ತುದಿಯ ಬಗ್ಗೆ ಈವೆಂಟುಗಳು ಬರದೆಯೂ ಇರಬಹುದು, ಇದನ್ನು ಕೂಡಿಕೊಂಡ ಕರೆಯೆಂದು ಪರಿಗಣಿಸಬೇಕೇ ಎಂಬುದನ್ನು ಅಪ್ಲಿಕೇಶನ್ನೇ ತೀರ್ಮಾನಿಸಬೇಕು ಎಂಬುದು ಜೆಟಾಪಿಯ ನಿಲುವು.

ನೀವು ತೀರ್ಮಾನಿಸುವ ಮುನ್ನ ಕರೆ ಹೊರಹೋಗುವ ಬಾಗಿಲು ಯಾವುದೆಂದು ತಿಳಿಯಬೇಕು. ಪಿಆರ್‌ಐ ಲೈನಾದರೆ, ಅಂದರೆ 30 ಧ್ವನಿ ಚಾನೆಲುಗಳ ಜೊತೆಗೆ ಸಂಕೇತಕ್ಕೆಂದೇ ಒಂದು ಚಾನೆಲ್ ಇರುವ ಇ1 ಲೈನಾದರೆ, ಗಂಟೆ ಬಾರಿಸಿದ್ದಕ್ಕೆ ಒಂದು, ಎತ್ತಿದ್ದಕ್ಕೆ ಇನ್ನೊಂದು ಸಂದೇಶ ಹೊರಗಿನಿಂದ ಸ್ಪಷ್ಟವಾಗಿ ಬರುತ್ತದೆ. ಆಗ ‘ನೆಟ್‌ವರ್ಕ್ ಅಲರ್ಟಿಂಗ್’ ಮತ್ತು ‘ಎಸ್ಟಾಬ್ಲಿಷ್ಡ್’ ಸ್ಥಿತಿಗಳನ್ನು ನೀವು ನಂಬಬಹುದು. ಸಿಪ್ ಟ್ರಂಕಿನಲ್ಲಿ, ಅಂದರೆ ನೆಟ್‌ವರ್ಕಿನ ಮೂಲಕವೇ ಕರೆ ಹೊರಹೋಗುವ ಲೈನಿನಲ್ಲಿ, ಗಂಟೆ ಬಾರಿಸಿದ್ದಕ್ಕೆ 180, ಎತ್ತಿದ್ದಕ್ಕೆ 200 ಎಂಬ ಸಂಖ್ಯೆಯ ಉತ್ತರಗಳಿವೆ. ನಡುವೆ ಬರುವ 183ರ ಬಗ್ಗೆ ಮಾತ್ರ ಜಾಗ್ರತೆ ಬೇಕು: ಅದರ ಜೊತೆ ಧ್ವನಿ ಹರಿಯಲಾರಂಭಿಸಬಹುದು, ಆದರೆ ಆ ಧ್ವನಿ ‘ನೀವು ಕರೆ ಮಾಡಿದ ಚಂದಾದಾರರು ಬೇರೊಂದು ಕರೆಯಲ್ಲಿ ನಿರತರಾಗಿದ್ದಾರೆ’ ಎಂಬಂಥ ಧ್ವನಿಮುದ್ರಿತ ಪ್ರಕಟಣೆಯೂ ಆಗಿರಬಹುದು. ಧ್ವನಿ ಕೇಳಿಸಿತೆಂದರೆ ಯಾರೋ ಎತ್ತಿದರು ಎಂದಲ್ಲ.

ಕಷ್ಟವಿರುವುದು ಹಳೆಯ ಅನಲಾಗ್ ಲೈನುಗಳಲ್ಲಿ. ಅಲ್ಲಿ ಗಂಟೆಯೂ ಎಂಗೇಜ್ ಟೋನೂ ಕೇವಲ ಶಬ್ದಗಳು, ಸಂದೇಶಗಳಲ್ಲ. ಆಚೆಯವರು ಎತ್ತಿದಾಗ ದೂರವಾಣಿ ಕೇಂದ್ರ ಲೈನಿನ ಧ್ರುವಗಳನ್ನು ಅದಲು ಬದಲು ಮಾಡಿ ತೋರಿಸುವ ಸೌಲಭ್ಯವಿದ್ದು, ನಿಮ್ಮ ಎಕ್ಸ್‌ಚೇಂಜ್ ಅದನ್ನು ಗುರುತಿಸುವಂತಿದ್ದರೆ ಸರಿ. ಇಲ್ಲದಿದ್ದರೆ ಕರೆ ‘ನೆಟ್‌ವರ್ಕ್ ರೀಚ್ಡ್’ ಸ್ಥಿತಿಯಲ್ಲೇ ಇದ್ದು ಅಲ್ಲಿಂದಲೇ ಮುಗಿದುಹೋಗಬಹುದು. ಅಂಥ ಕರೆಗಳನ್ನು ವರದಿಯಲ್ಲಿ ಬೇರೆ ಕಾಲಮ್ಮಿನಲ್ಲಿ, ‘ಲೈನ್ ಬಳಕೆಯ ಸಮಯ’ ಎಂಬ ಹೆಸರಿನಲ್ಲಿ ತೋರಿಸುವುದೇ ಪ್ರಾಮಾಣಿಕ ಮಾರ್ಗ. ಸಿಬ್ಬಂದಿಯ ಕೆಲಸವನ್ನು ಮಾತಿನ ನಿಮಿಷಗಳಲ್ಲಿ ಅಳೆಯುವ ಕಚೇರಿಗಳಿವೆ. ಅಲ್ಲಿ ಸುಳ್ಳು ನಿಮಿಷಗಳು ಒಬ್ಬರಿಗೆ ಅನ್ಯಾಯವಾಗಿ ಪರಿಣಮಿಸುತ್ತವೆ.

ಪ್ರಶ್ನೆ: ನಮ್ಮ ಕಾರ್ಖಾನೆಯಲ್ಲಿ 200 ಡೆಸ್ಕ್ ಫೋನುಗಳಿವೆ. ಕರೆಂಟು ಹೋಗಿ ಬಂದಾಗಲೆಲ್ಲ ಫೋನುಗಳು ಚೇತರಿಸಿಕೊಳ್ಳಲು ತುಂಬ ಹೊತ್ತು ಹಿಡಿಯುತ್ತದೆ, ಆ ಹೊತ್ತಿನಲ್ಲಿ ನಮ್ಮ ಆಪರೇಟರ್ ತಂತ್ರಾಂಶವೂ ಪದೇ ಪದೇ ಕಡಿದುಹೋಗುತ್ತದೆ. ದೊಡ್ಡ ಸರ್ವರ್ ಕೊಂಡರೆ ಸರಿಹೋಗುವುದೇ?
— ಓದುಗರು, ದಾವಣಗೆರೆ

ಉತ್ತರ: ಸರ್ವರಿಗೆ ಹಣ ಹಾಕುವ ಮೊದಲು ಸ್ವಿಚ್ ಇರುವ ಕೋಣೆಗೆ ಯುಪಿಎಸ್ ಹಾಕಿಸಿ. ತಾಮ್ರದ ತಂತಿಯ ಕಾಲದಲ್ಲಿ ದೂರವಾಣಿ ಕೇಂದ್ರದ ಬ್ಯಾಟರಿಯಿಂದಲೇ 48 ವೋಲ್ಟ್ ಲೈನಿನಲ್ಲಿ ಹರಿದು ಬರುತ್ತಿದ್ದುದರಿಂದ ಮನೆಯಲ್ಲಿ ಕರೆಂಟು ಹೋದರೂ ಫೋನು ಜೀವಂತವಾಗಿರುತ್ತಿತ್ತು. ಈಗ ಆ ಕೇಂದ್ರದ ಜಾಗದಲ್ಲಿ ನಿಮ್ಮ ನೆಟ್‌ವರ್ಕ್ ಸ್ವಿಚ್ಚಿದೆ: 2003ರಲ್ಲಿ ಬಂದ 802.3ಎಎಫ್ ಮಾನಕದಂತೆ ಅದು ಪ್ರತಿ ಪೋರ್ಟಿಗೆ ಗರಿಷ್ಠ 15.4 ವ್ಯಾಟ್ ವಿದ್ಯುತ್ತನ್ನು ಅದೇ ಕೇಬಲ್ಲಿನಲ್ಲಿ ಕಳಿಸುತ್ತದೆ. ಸ್ವಿಚ್ ಒಂದು ಕ್ಷಣ ಕಣ್ಣುಮುಚ್ಚಿದರೆ ಅದಕ್ಕೆ ಅಂಟಿಕೊಂಡ ಎಲ್ಲ ಫೋನುಗಳೂ ಒಟ್ಟಿಗೆ ಸತ್ತು ಒಟ್ಟಿಗೆ ಹುಟ್ಟುತ್ತವೆ.

ಒಟ್ಟಿಗೆ ಹುಟ್ಟುವುದೇ ತೊಂದರೆ. ಪ್ರತಿ ಫೋನೂ ವಿಳಾಸ ಪಡೆದು, ಸಂರಚನೆಯ ಫೈಲ್ ಇಳಿಸಿಕೊಂಡು, ಎಕ್ಸ್‌ಚೇಂಜಿನಲ್ಲಿ ನೋಂದಾಯಿಸಿಕೊಳ್ಳುತ್ತದೆ. ಮೊದಲ ಕೋರಿಕೆಗೆ ಗುರುತು ಕೇಳುವ 401 ಉತ್ತರ ಬರುವುದರಿಂದ ಒಂದು ಫೋನಿಗೆ ಸಾಮಾನ್ಯವಾಗಿ ಎರಡು ಕೋರಿಕೆ, 200 ಫೋನುಗಳಿಗೆ 400. ಇತರರ ಲೈನ್ ಬಿಡುವಾಗಿದೆಯೇ ಎಂದು ದೀಪ ತೋರಿಸುವ ಗುಂಡಿಗಳಿದ್ದರೆ ಅವುಗಳ ಚಂದಾ ಕೋರಿಕೆಗಳು ಬೇರೆ. ಯುಡಿಪಿಯಲ್ಲಿ (ತಲುಪಿತೆಂಬ ಖಾತ್ರಿಯಿಲ್ಲದೆ ಸಂದೇಶ ಕಳಿಸುವ ವಿಧಾನ) ಉತ್ತರ ತಡವಾದರೆ ಫೋನು ಅರ್ಧ ಸೆಕೆಂಡಿಗೆ ಮತ್ತೆ ಕಳಿಸುತ್ತದೆ, ಆಮೇಲೆ 1, 2, 4 ಸೆಕೆಂಡುಗಳ ಅಂತರದಲ್ಲಿ ಕಳಿಸುತ್ತಾ ಹೋಗಿ 32 ಸೆಕೆಂಡಿಗೆ ಕೈಬಿಡುತ್ತದೆ. ಹೀಗೆ ಏದುಸಿರು ಬಿಡುತ್ತಿರುವ ಸರ್ವರಿನ ಮೇಲೆ ಅದೇ ಕೋರಿಕೆ ಮತ್ತೆ ಮತ್ತೆ ಬೀಳುತ್ತದೆ.

ಇದಕ್ಕೆ 2009ರ ಆರ್‌ಎಫ್‌ಸಿ 5626 (ಆರ್‌ಎಫ್‌ಸಿ ಎಂದರೆ ಅಂತರ್ಜಾಲದ ತಾಂತ್ರಿಕ ನಿಯಮಗಳ ದಾಖಲೆ) ಒಂದು ಒಳ್ಳೆಯ ಕ್ರಮ ಹೇಳಿದೆ. ಸೋತ ಪ್ರತಿ ಸಲವೂ ಕಾಯುವ ಗರಿಷ್ಠ ಮಿತಿ ಇಮ್ಮಡಿಯಾಗಬೇಕು, ಆದರೆ 1800 ಸೆಕೆಂಡನ್ನು ಮೀರಬಾರದು. ನಿಜವಾಗಿ ಕಾಯುವ ಸಮಯವನ್ನು ಆ ಮಿತಿಯ ಅರ್ಧದಿಂದ ಪೂರ್ತಿಯವರೆಗಿನ ಯಾವುದಾದರೂ ಯಾದೃಚ್ಛಿಕ ಸಂಖ್ಯೆಯಾಗಿ ಆರಿಸಿಕೊಳ್ಳಬೇಕು. 30 ಸೆಕೆಂಡಿನ ಆಧಾರದಲ್ಲಿ ಮೂರು ಸಲ ಸೋತ ಫೋನು 120ರಿಂದ 240 ಸೆಕೆಂಡುಗಳ ನಡುವೆ ಎಲ್ಲೋ ಒಂದು ಕಡೆ ಮತ್ತೆ ಪ್ರಯತ್ನಿಸುತ್ತದೆ. ಯಾದೃಚ್ಛಿಕತೆಯೇ ಇಲ್ಲಿ ಮುಖ್ಯ. ಎಲ್ಲರೂ ಸರಿಯಾಗಿ 60 ಸೆಕೆಂಡು ಕಾದರೆ 60ನೆಯ ಸೆಕೆಂಡಿನಲ್ಲಿ ಮತ್ತದೇ ನೂಕುನುಗ್ಗಲು. ನಿಮ್ಮ ಆಪರೇಟರ್ ತಂತ್ರಾಂಶವೂ ಇದೇ ನಿಯಮಕ್ಕೆ ಒಳಪಡಬೇಕು. ಸಂಪರ್ಕ ಕಡಿದೊಡನೆ ಸೆಕೆಂಡಿಗೊಮ್ಮೆ ಮರುಪ್ರಯತ್ನಿಸುವ ಕೋಡನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಅದು ಚೇತರಿಕೆಯನ್ನು ತಡಮಾಡುತ್ತದೆ.

ಪ್ರಶ್ನೆ: ಆಂಡ್ರಾಯ್ಡ್ ಆಧಾರಿತ ಡೆಸ್ಕ್ ಫೋನಿಗೆ ಅಪ್ಲಿಕೇಶನ್ ಬರೆಯುತ್ತಿದ್ದೇನೆ. ನೆಟ್‌ವರ್ಕ್ ಸಿಕ್ಕಿದೆ ಎಂಬ ಕಾಲ್‌ಬ್ಯಾಕ್ (ಆಂಡ್ರಾಯ್ಡ್ ನನ್ನ ಅಪ್ಲಿಕೇಶನಿಗೆ ಕೊಡುವ ಸೂಚನೆ) ಬಂದ ಮೇಲೆ ‘ಫೋನ್ ಸಿದ್ಧ’ ಎಂದು ತೋರಿಸುತ್ತೇನೆ. ಆದರೂ ಕೆಲವೊಮ್ಮೆ ಕರೆ ಹೋಗುವುದಿಲ್ಲ. ಏಕೆ?
— ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ಫೋನಿನ ಕೇಬಲ್ ಹತ್ತಿರದ ಸ್ವಿಚ್ಚಿಗೆ ಸೇರಿದೆ, ವಿಳಾಸವೂ ಸಿಕ್ಕಿದೆ ಎಂಬಲ್ಲಿಗೆ ಆ ಕಾಲ್‌ಬ್ಯಾಕಿನ ಮಾತು ಮುಗಿಯಿತು. ಸ್ವಿಚ್ಚಿನಿಂದಾಚೆ ಮೇಲಿನ ಮಹಡಿಗೆ ಹೋಗುವ ಕೇಬಲ್ ಕಡಿದಿದ್ದರೂ ಫೋನಿನ ಪೋರ್ಟಿನ ದೀಪ ಹಸಿರಾಗಿಯೇ ಉರಿಯುತ್ತಿರುತ್ತದೆ. ಆಂಡ್ರಾಯ್ಡಿನಲ್ಲಿ ‘ವ್ಯಾಲಿಡೇಟೆಡ್’ ಎಂಬ ಇನ್ನೊಂದು ಗುರುತಿದೆಯಲ್ಲ ಎಂದು ನೀವು ಕೇಳಬಹುದು. ಅದು ಪರೀಕ್ಷಿಸುವುದು ಅಂತರ್ಜಾಲ ತಲುಪುತ್ತದೆಯೇ ಎಂಬುದನ್ನು. ಅಂತರ್ಜಾಲಕ್ಕೆ ಬಾಗಿಲು ಮುಚ್ಚಿದ ಕಚೇರಿಯ ಒಳಜಾಲದಲ್ಲಿ ಎಕ್ಸ್‌ಚೇಂಜ್ ಚೆನ್ನಾಗಿ ಸಿಗುತ್ತಿದ್ದರೂ ಆ ಗುರುತು ಬರದೇ ಹೋಗಬಹುದು. ಅಂತರ್ಜಾಲವಿದ್ದು ಎಕ್ಸ್‌ಚೇಂಜ್ ಮಲಗಿದ್ದಾಗ ಬಂದೂ ಬರಬಹುದು.

ನಿಮ್ಮ ಅಪ್ಲಿಕೇಶನಿಗೆ ಬೇಕಾದ ಪುರಾವೆ ಒಂದೇ: ನೋಂದಣಿ ಕೋರಿಕೆಗೆ ಎಕ್ಸ್‌ಚೇಂಜ್ ಕೊಡುವ 200 ಉತ್ತರ. ಕಾಲ್‌ಬ್ಯಾಕ್ ಬಂದಾಗ ನೋಂದಣಿಯನ್ನು ಶುರುಮಾಡಿ, ಉತ್ತರ ಬಂದ ಮೇಲೆ ‘ಸಿದ್ಧ’ ಎನ್ನಿ. ಆಮೇಲೂ ಆ ಹಾದಿ ಜೀವಂತವಾಗಿದೆಯೇ ಎಂದು ನೋಡುತ್ತಿರಬೇಕು. ಮೇಲೆ ಹೇಳಿದ ಆರ್‌ಎಫ್‌ಸಿ ಇದಕ್ಕೆ ಯುಡಿಪಿಯಲ್ಲಿ 24ರಿಂದ 29 ಸೆಕೆಂಡಿಗೊಮ್ಮೆ, ಟಿಸಿಪಿಯಲ್ಲಿ 95ರಿಂದ 120 ಸೆಕೆಂಡಿಗೊಮ್ಮೆ ಪುಟ್ಟ ಸಂದೇಶ ಕಳಿಸಲು ಸೂಚಿಸುತ್ತದೆ. ನೋಂದಣಿ ಇಲ್ಲದಿದ್ದಾಗ ಅದನ್ನು ಪರದೆಯ ಮೂಲೆಯ ಸಣ್ಣ ಚಿತ್ರದಲ್ಲಿ ಅಡಗಿಸದೆ ದೊಡ್ಡದಾಗಿ ತೋರಿಸಿ. ಯಾರೋ ಓಡಿಬಂದು ಅದೇ ಫೋನಿನಿಂದ 112 ಒತ್ತಬೇಕಾದ ದಿನವೂ ಇರುತ್ತದೆ. ಆ ಫೋನು ಕೆಲಸ ಮಾಡುವುದಿಲ್ಲವೆಂದು ರಿಸೀವರ್ ಎತ್ತುವ ಮೊದಲೇ ಅವರಿಗೆ ತಿಳಿಯಬೇಕು.

ಪ್ರಶ್ನೆ: ಐದು ಸೆಕೆಂಡು ಧ್ವನಿ ಪ್ಯಾಕೆಟ್ ಬಾರದಿದ್ದರೆ ನೆಟ್‌ವರ್ಕ್ ಹೋಗಿದೆ ಎಂದು ತಿಳಿದು ಕರೆಯನ್ನು ನಾವೇ ಕಡಿಯುತ್ತೇವೆ. ಹೋಲ್ಡ್‌ನಲ್ಲಿಟ್ಟ ಗ್ರಾಹಕರ ಕರೆಗಳು ಕಡಿದುಹೋಗುತ್ತಿವೆ ಎಂಬ ದೂರು ಬಂದಿದೆ.
— ಓದುಗರು, ಮಂಗಳೂರು

ಉತ್ತರ: ದೂರು ನ್ಯಾಯವಾದದ್ದು. ಕರೆಯನ್ನು ಹೋಲ್ಡ್ ಮಾಡಿದಾಗ ಒಂದು ದಿಕ್ಕಿನಲ್ಲಿ, ಕೆಲವೊಮ್ಮೆ ಎರಡೂ ದಿಕ್ಕಿನಲ್ಲಿ ಪ್ಯಾಕೆಟುಗಳು ನಿಲ್ಲುವುದು ಸಹಜ. ಮೌನವನ್ನು ಕಳಿಸದೆ ಉಳಿಸುವ ವ್ಯವಸ್ಥೆ ಚಾಲ್ತಿಯಲ್ಲಿದ್ದರೆ, ಆಚೆಯವರು ಸುಮ್ಮನೆ ಕೇಳಿಸಿಕೊಳ್ಳುತ್ತಿರುವಾಗಲೂ ಅವರ ಕಡೆಯಿಂದ ಏನೂ ಬರದಿರಬಹುದು. ಕರೆಯ ಒಪ್ಪಂದದಲ್ಲಿ ಧ್ವನಿಯ ದಿಕ್ಕು ಏನೆಂದಿದೆಯೋ ಅದನ್ನು ನೋಡಿ, ಪ್ಯಾಕೆಟ್ ಬರಲೇಬೇಕಾಗಿದ್ದಾಗ ಮಾತ್ರ ಎಣಿಸಿ. ಎಣಿಸಿದ ಮೇಲೂ ಕಡಿಯಬೇಡಿ, ‘ಧ್ವನಿ ಬರುತ್ತಿಲ್ಲ’ ಎಂದು ತೋರಿಸಿ. ಕಡಿಯುವ ನಿರ್ಧಾರ ಮಾತನಾಡುವವರಿಗೆ ಬಿಟ್ಟದ್ದು.

ನಿಜವಾಗಿಯೂ ಅನಾಥವಾದ ಕರೆಗಳನ್ನು ತೆಗೆದುಹಾಕಲು 2005ರ ಆರ್‌ಎಫ್‌ಸಿ 4028ರಲ್ಲಿ ಸೆಷನ್ ಟೈಮರ್ ಇದೆ. ಅದರ ಶಿಫಾರಸು ಮಾಡಿದ ಅವಧಿ 1800 ಸೆಕೆಂಡು, ಕನಿಷ್ಠ ಮಿತಿ 90 ಸೆಕೆಂಡು. ಅರ್ಧ ಅವಧಿ ಕಳೆದಾಗ ಒಂದು ಬದಿ ‘ಕರೆ ಇನ್ನೂ ಇದೆ’ ಎಂದು ನವೀಕರಿಸುತ್ತದೆ, ನವೀಕರಣ ಬಾರದಿದ್ದರೆ ಮಾತ್ರ ಕರೆಯನ್ನು ಮುಗಿಸಲಾಗುತ್ತದೆ. ಐದು ಸೆಕೆಂಡಿನ ಆತುರಕ್ಕಿಂತ ಇದು ಎಷ್ಟೋ ವಿವೇಕದ ದಾರಿ. ನಡುವೆ ಫೋನಿನ ಐಪಿ ವಿಳಾಸವೇ ಬದಲಾಗಿದ್ದರೂ, ಹೊಸ ವಿಳಾಸವನ್ನು ತಿಳಿಸುವ ಮರು-ಇನ್ವೈಟ್ ಕಳಿಸಿ ಅದೇ ಕರೆಯನ್ನು ಉಳಿಸಿಕೊಳ್ಳಲು ಸಾಧ್ಯವಿದೆ.

ಪ್ರಶ್ನೆ: ನಾನು ತಂತ್ರಜ್ಞೆಯಲ್ಲ, ಆಸ್ಪತ್ರೆಯೊಂದರ ಸ್ವಾಗತ ಮೇಜಿನಲ್ಲಿ ಕೆಲಸ ಮಾಡುತ್ತೇನೆ. ರೋಗಿಯ ಕಡೆಯವರೊಡನೆ ಮಾತನಾಡುತ್ತಿರುವಾಗಲೇ ಕಂಪ್ಯೂಟರಿನಲ್ಲಿ ಇಂಗ್ಲಿಷಿನಲ್ಲಿ ‘ನೆಟ್‌ವರ್ಕ್ ಎರರ್’ ಎಂದು ಕೆಂಪಕ್ಷರ ಬರುತ್ತದೆ. ಫೋನ್ ಇಟ್ಟು ಮತ್ತೆ ಮಾಡಬೇಕೇ?
— ಓದುಗರು, ಧಾರವಾಡ

ಉತ್ತರ: ಇಡಬೇಡಿ. ಆಚೆಯವರ ಧ್ವನಿ ನಿಮಗೂ ನಿಮ್ಮ ಧ್ವನಿ ಅವರಿಗೂ ಕೇಳಿಸುತ್ತಿದ್ದರೆ ಕರೆ ಚೆನ್ನಾಗಿಯೇ ಇದೆ. ಕಂಪ್ಯೂಟರಿಗೆ ಸುದ್ದಿ ಬರುವುದು ಮಾತ್ರ ನಿಂತಿದೆ. ಕರೆ ವರ್ಗಾಯಿಸಬೇಕಾದರೆ ಆ ಹೊತ್ತಿಗೆ ಪರದೆಯ ಗುಂಡಿಯನ್ನು ಒತ್ತದೆ ಫೋನಿನ ಮೇಲಿರುವ ಗುಂಡಿಯನ್ನೇ ಬಳಸಿ. ಫೋನು ಎಕ್ಸ್‌ಚೇಂಜಿನೊಡನೆ ನೇರವಾಗಿ ಮಾತನಾಡುವುದರಿಂದ ಅದು ಸಾಮಾನ್ಯವಾಗಿ ಕೆಲಸ ಮಾಡುತ್ತದೆ.

ಈ ಗೊಂದಲ ನಿಮ್ಮ ತಪ್ಪಲ್ಲ, ತಂತ್ರಾಂಶ ಬರೆದವರದು. ನಿಮ್ಮ ಪತ್ರವನ್ನು ಅವರಿಗೆ ತೋರಿಸಿ, ಆ ಕೆಂಪಕ್ಷರಗಳ ಜಾಗದಲ್ಲಿ ಈ ಎರಡು ವಾಕ್ಯಗಳನ್ನು ಹಾಕಲು ಹೇಳಿ: ‘ಪರದೆಗೆ ಕರೆಯ ಮಾಹಿತಿ ಬರುತ್ತಿಲ್ಲ. ನಿಮ್ಮ ಮಾತು ಮುಂದುವರಿಸಿ.’ ಸಂಪರ್ಕ ಮರಳಿದಾಗ ಆ ಸಾಲು ತಾನಾಗಿ ಅಳಿಸಿಹೋಗುವಂತೆಯೂ ಮಾಡಬೇಕು. ಪರೀಕ್ಷಿಸುವಾಗ ಅವರು ಫೋನಿನ ಕೇಬಲ್ ಕಿತ್ತು ನೋಡಿದರೆ ಸಾಲದು, ಆಗ ಎಲ್ಲವೂ ಒಟ್ಟಿಗೆ ಹೋಗುತ್ತದೆ. ನಿಮ್ಮ ಕರೆ ನಡೆಯುತ್ತಿರುವಾಗ ಅಪ್ಲಿಕೇಶನ್ ಮತ್ತು ಎಕ್ಸ್‌ಚೇಂಜಿನ ನಡುವಿನ ಹಾದಿಯನ್ನು ಮಾತ್ರ ಫೈರ್‌ವಾಲಿನಲ್ಲಿ ಮುಚ್ಚಿ, ಮೊದಲು ಹತ್ತು ಸೆಕೆಂಡು, ಆಮೇಲೆ ಕೆಲವು ನಿಮಿಷ ಕಾದು ತೆರೆದು, ನಿಮ್ಮ ಪಕ್ಕದಲ್ಲೇ ಕುಳಿತು ಪರದೆಯನ್ನು ನೋಡಬೇಕು.